ಯಾರೂ ಅಲ್ಲದ ಅತ್ತೆ

ಆ ಅತ್ತೆ ಸೊಸೆ ಎಣ್ಣೆ ಸೀಗೆಕಾಯಿ ಎಂಬುದು ಬಸ್ ನಿಲ್ದಾಣದಲ್ಲಿ ಮಲಗುವವರಿಗೆಲ್ಲ ಗೊತ್ತಿತ್ತು. ಗಾರೆ ಕೆಲಸದ ಮಗ ಸಾರವೆಯಿಂದ ಬಿದ್ದು ತೀರಿಕೊಂಡ ಮೇಲೆ ಬಾಡಿಗೆ ಮನೆಯೂ ಕೈಬಿಟ್ಟುಹೋಗಿತ್ತು. ಸೊಸೆಯ ಇಬ್ಬರು ಪುಟ್ಟ ಹೆಣ್ಣುಮಕ್ಕಳ ಸಮೇತ ಎಲ್ಲರೂ ಒಂದೇ ಕಂಬಳಿಯೊಳಗೆ ಬಂದು ಬಿದ್ದಿದ್ದರು. ಆ ಕಂಬಳಿಯ ಎಳೆದಾಟದಲ್ಲೂ ಅತ್ತೆಯದೊಂದು ಮಾತು, ಸೊಸೆಯದೊಂದು ಎದುರುತ್ತರ.

ಬೀದಿಗೆ ಬಿದ್ದ ಸಂಸಾರಗಳಿಗೆ ಸೂರು ಹುಡುಕಿಕೊಡುವ ಸಣ್ಣ ಸಂಸ್ಥೆಯೊಂದು ಊರಲ್ಲಿತ್ತು. ಅದನ್ನು ನಡೆಸುತ್ತಿದ್ದ ನಿವೃತ್ತ ನರ್ಸನ್ನು ಎಲ್ಲರೂ ದೊಡ್ಡಕ್ಕ ಎನ್ನುತ್ತಿದ್ದರು. ಒಂದು ಬೆಳಿಗ್ಗೆ ಅವರು ಬಂದು, ಇವರ ಪಕ್ಕ ನೆಲದ ಮೇಲೇ ಕೂತು, "ಒಂದು ಕೋಣೆ ಖಾಲಿಯಾಗಿದೆ. ತಾಯಿ ಮಕ್ಕಳಿಗೆ ಅಂತ ಇರೋದು, ಮೂರೇ ಜನ ಹಿಡಿಸೋದು" ಎಂದರು. ಆಮೇಲೆ ಮುದುಕಿಯ ಕಡೆ ತಿರುಗಿ, "ಅಮ್ಮಾ, ನೀವು ಇವರಿಗೆ ಏನಾಗಬೇಕು?" ಎಂದು ಕೇಳಿದರು.

ಸೊಸೆ ಬಾಯಿ ತೆರೆಯುವ ಮೊದಲೇ ಅತ್ತೆ ಅಂದಳು: "ಏನೂ ಆಗಬೇಕಿಲ್ಲ ತಾಯಿ. ಪಕ್ಕದಲ್ಲಿ ಮಲಗ್ತಿದ್ದೆ, ಅಷ್ಟೇ. ಇವರನ್ನ ಕರ್ಕೊಂಡು ಹೋಗಿ."

ಹೇಳಿದವಳೇ ಚೀಲ ಎತ್ತಿಕೊಂಡು ಬಸ್ಸುಗಳ ನಡುವೆ ನಡೆದುಬಿಟ್ಟಳು. ಚಿಕ್ಕ ಮಗು "ಅಜ್ಜೀ" ಎಂದು ಕೂಗಿತು. ಅಜ್ಜಿ ನಿಲ್ಲಲಿಲ್ಲ.

ಸೊಸೆ ಮಗುವನ್ನು ದೊಡ್ಡಕ್ಕನ ಮಡಿಲಿಗೆ ಹಾಕಿ ಓಡಿದಳು. ಹೊರಡುತ್ತಿದ್ದ ಬಸ್ಸಿನ ಮೆಟ್ಟಿಲಿಂದ ಅತ್ತೆಯನ್ನು ರಟ್ಟೆ ಹಿಡಿದು ಇಳಿಸಿಕೊಂಡಳು.

"ಎಲ್ಲಿಗೆ ಹೊರಟ್ರಿ?"

"ಬಿಡೇ ನನ್ನ. ಮಕ್ಕಳಿಗೆ ಸೂರು ಸಿಗ್ತಿದೆ, ನಾನ್ಯಾಕೆ ಅಡ್ಡಗಾಲು ಹಾಕಲಿ? ನಾನು ಎಲ್ಲಾದರೂ ಬಿದ್ದಿರ್ತೀನಿ."

"ಹೂಂ, ಬಿದ್ದಿರ್ತೀರಿ! ಹಸಿವಾದ್ರೆ ಬಾಯಿಬಿಟ್ಟು ಕೇಳೋಕೆ ಬರಲ್ಲ ನಿಮಗೆ. ಬರೋದು ನನ್ನ ಬೈಯೋಕೆ ಮಾತ್ರ." ಸೊಸೆ ಅತ್ತೆಯ ಕೈಯಿಂದ ಚೀಲ ಕಸಿದುಕೊಂಡಳು. "ಅವರೂ ಹೋದ್ರು. ನೀವೂ ಹೋದ್ರೆ ಅವರ ವಿಷಯ ನಾನು ಯಾರ ಹತ್ರ ಮಾತಾಡ್ಲಿ, ಹೇಳಿ?"

ಮುದುಕಿ ಸೊಸೆಯ ಕೆದರಿದ ಕೂದಲನ್ನು ಕಿವಿಯ ಹಿಂದಕ್ಕೆ ಸರಿಸಿದಳು. ಮದುವೆಯಾಗಿ ಬಂದಾಗಿನಿಂದ ಅತ್ತೆ ಅವಳನ್ನು ಹಾಗೆ ಮುಟ್ಟಿದ್ದು ಅದೇ ಮೊದಲು.

ಸೊಸೆ ಅವಳನ್ನು ಕೈಹಿಡಿದು ಕರೆತಂದು ದೊಡ್ಡಕ್ಕನ ಮುಂದೆ ನಿಲ್ಲಿಸಿದಳು. "ಇವರು ನಮ್ಮತ್ತೆ. ಸುಳ್ಳು ಹೇಳಿದ್ರು. ಇವರಿಗೂ ಜಾಗ ಇದ್ರೆ ಬರ್ತೀವಿ, ಇಲ್ಲದಿದ್ರೆ ನಮಗೆ ಇಲ್ಲೇ ಸರಿ."

ದೊಡ್ಡಕ್ಕ ಕನ್ನಡಕ ತೆಗೆದು ಒರೆಸಿಕೊಂಡರು. "ನಾನು ಲೆಕ್ಕ ಹಾಕಿದ್ದು ಮಂಚದ್ದು ಕಣಮ್ಮಾ. ಮಂಚ ಹೊರಗೆ ಹಾಕಿಸಿ ಚಾಪೆ ಹಾಸಿದ್ರಾಯ್ತು. ನಡೀರಿ."

ಕೋಣೆ ನಿಜಕ್ಕೂ ಕಿರಿದು. ಒಬ್ಬರು ಮಗ್ಗುಲು ಬದಲಿಸಿದರೆ ಎಲ್ಲರೂ ಬದಲಿಸಬೇಕು. ಆದರೆ ಬಾಗಿಲಿಗೆ ಒಳಗಿನಿಂದ ಚಿಲಕವಿತ್ತು. ಸ್ವಲ್ಪ ದಿನಕ್ಕೆ ದೊಡ್ಡಕ್ಕ ಸೊಸೆಗೆ ಲಾಂಡ್ರಿಯೊಂದರಲ್ಲಿ ಕೆಲಸ ಕೊಡಿಸಿದರು. ಮೊದಲ ದಿನ ಅವಳು ಹೊರಡುವಾಗ ಮಕ್ಕಳು ಅಜ್ಜಿಯ ಎಡಬಲದಲ್ಲಿ ಇನ್ನೂ ನಿದ್ದೆಯಲ್ಲಿದ್ದರು. ಗಂಡ ಹೋದ ಮೇಲೆ ಕಂಕುಳಲ್ಲೊಂದು, ಕೈಯಲ್ಲೊಂದು ಮಗುವಿಲ್ಲದೆ ಅವಳು ಬೀದಿಗೆ ಇಳಿದದ್ದೇ ಇಲ್ಲ. ಕೈಬೀಸಿಕೊಂಡು ನಡೆಯುವುದು ಮರೆತೇಹೋಗಿತ್ತೆಂದು ಅವಳಿಗೆ ಆಗಲೇ ತಿಳಿದದ್ದು.