ಶಾಮಣ್ಣ ಮೇಷ್ಟ್ರು ಕಂಡ ಕಾಡು

ಮೈಸೂರಿನ ಲಕ್ಷ್ಮೀಪುರಂನಲ್ಲಿ ಯಾರನ್ನಾದರೂ ನಿಲ್ಲಿಸಿ ಶಾಮಣ್ಣನವರ ಮನೆ ಎಲ್ಲಿ ಎಂದು ಕೇಳಿದರೆ "ಯಾವ ಶಾಮಣ್ಣ?" ಎನ್ನುತ್ತಾರೆ. "ಕಾಡು ಶಾಮಣ್ಣ" ಅಂದುಬಿಟ್ಟರೆ ಸಾಕು, ಗೇಟಿನ ತನಕ ಬಂದು ತೋರಿಸಿ ಹೋಗುತ್ತಾರೆ. ಮೂವತ್ತೈದು ವರ್ಷ ಹೈಸ್ಕೂಲಿನಲ್ಲಿ ಭೂಗೋಳ ಪಾಠ ಹೇಳಿದವರು ಅವರು. ಆದರೆ ಹೆಸರು ಬಂದದ್ದು ಪಾಠದಿಂದಲ್ಲ. ಇಪ್ಪತ್ತೆರಡನೆಯ ವಯಸ್ಸಿನಲ್ಲಿ ವಿರಾಜಪೇಟೆಯಾಚೆಯ ಘಟ್ಟದ ಕಾಡಿಗೆ, ಬೇಟೆಯವರೂ ಕಾಲಿಡದ ಕಡೆಯಿಂದ ಒಬ್ಬರೇ ನುಗ್ಗಿ ಒಂಬತ್ತು ದಿನ ಇದ್ದು ಬಂದರಂತಲ್ಲ, ಆ ಕತೆಯಿಂದ.

ಕತೆ ಶುದ್ಧ ಸುಳ್ಳು. ಮುಚ್ಚುಮರೆ ಯಾಕೆ?

ನಡೆದದ್ದು ಇಷ್ಟೇ. ಮಹಾಶಯರು ಬಸ್ಸಿಳಿದು, ಕಾಫಿ ತೋಟ ದಾಟಿ, ಕಾಡಿನ ಅಂಚಿನಲ್ಲಿ ಒಂದು ಫರ್ಲಾಂಗು ನಡೆದರು. ಕಾಲುಚೀಲ ತೆಗೆದು ನೋಡಿದರೆ ಏಳೆಂಟು ಜಿಗಣೆ. ರಕ್ತ ಕಂಡವರೇ ಅಲ್ಲೇ ಮೂರ್ಛೆ ಹೋದರು. ತೋಟದ ಆಳುಗಳು ಹೊತ್ತು ತಂದು ವಿರಾಜಪೇಟೆಯ ಒಂದು ಖಾನಾವಳಿಯ ಮಹಡಿಯ ಮೇಲೆ ಮಲಗಿಸಿದರು. ಒಂಬತ್ತು ದಿನ ಜ್ವರ, ಗಂಜಿ, ಕಂಬಳಿ. ಗಡ್ಡ ಬಿಟ್ಟು, ಸೊರಗಿ ಮೈಸೂರಿಗೆ ವಾಪಸಾದಾಗ ಬೀದಿಯವರು "ಕಾಡೊಳಗೇ ಇದ್ಯೇನೋ ಇಷ್ಟು ದಿನ?" ಎಂದು ಬೆರಗಾದರು. "ಹೂಂ" ಅಂದರು ಶಾಮಣ್ಣ. ಆ ಒಂದು ಹೂಂ ಐವತ್ತು ವರ್ಷ ಬೆಳೆಯಿತು. ಲೈಬ್ರರಿಯ ಹಳೇ ಪುಸ್ತಕಗಳಿಂದ ಅದಕ್ಕೆ ಗೊಬ್ಬರ ಹಾಕಿದರು. ಒಂದು ವರ್ಷ ಅದರಲ್ಲಿ ಆನೆ ಬಂತು, ಇನ್ನೊಂದು ವರ್ಷ ಮೊಲದಾಕಾರದ ದೊಡ್ಡ ಬಂಡೆ ಬಂತು, ಕೊನೆಗೆ ಬಂಡೆಯ ಹಿಂದೆ ಒಂದು ಜೌಗು ಬಂತು. ಆ ಜೌಗಿನಲ್ಲಿ ರಾಮಪತ್ರೆ ಮರಗಳು, ಅವುಗಳ ಬೇರು ಮಂಡಿಯೂರಿದ ಹಾಗೆ ನೀರಿನಿಂದ ಮೇಲೆದ್ದಿರುತ್ತವೆ ಎಂದು ಅವರು ತಮ್ಮ ಮಂಡಿಯನ್ನೇ ಮಡಚಿ ತೋರಿಸುತ್ತಿದ್ದರು.

ನಿಜ ಗೊತ್ತಿದ್ದವರು ಒಬ್ಬರೇ, ಹೆಂಡತಿ ಭಾನುಮತಿ. ಮದುವೆಯಾದ ಹೊಸತರಲ್ಲಿ ಇಬ್ಬರೂ ವಿರಾಜಪೇಟೆಗೆ ಹೋಗಿದ್ದಾಗ ಖಾನಾವಳಿಯ ಯಜಮಾನ ಗುರುತು ಹಿಡಿದು, "ಏನ್ ಸ್ವಾಮಿ, ನಮ್ಮಲ್ಲಿ ಒಂಬತ್ತು ದಿನ ಕಂಬಳಿ ಹೊದ್ದು ಮಲಗಿದ್ರಲ್ಲ!" ಎಂದು ಬೀದಿಯಲ್ಲೇ ನಕ್ಕಿದ್ದ. ಭಾನುಮತಿ ಆಗಲೂ ಏನೂ ಅನ್ನಲಿಲ್ಲ, ಆಮೇಲೂ ಅನ್ನಲಿಲ್ಲ. ಆಕೆಯ ಅಪ್ಪ ಹುಡುಗನ ಧೈರ್ಯ ಮೆಚ್ಚಿ ಹೆಣ್ಣು ಕೊಟ್ಟಿದ್ದರು. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಎಂದು ಬಾಯಿ ಮುಚ್ಚಿಕೊಂಡು ಸಂಸಾರ ಮಾಡಿದರು.

ಇಲ್ಲಿಯ ತನಕ ಯಾರ ಗಂಟೂ ಹೋಗಿರಲಿಲ್ಲ, ಆ ಮಾತು ಬೇರೆ. ಈ ಕಾರ್ತಿಕದಲ್ಲಿ ಸಿಂಚನ ಬಂದಳು.

ಮೊಮ್ಮಗಳು ಶರಣ್ಯಾ ಓದಿಗೆಂದು ಇವರ ಮನೆಯಲ್ಲೇ ಇದ್ದಳು, ಸಸ್ಯಶಾಸ್ತ್ರದ ಎಂ.ಎಸ್ಸಿ. ಸಿಂಚನ ಅವಳ ಜೊತೆಯಲ್ಲಿ ಓದುವ ಹುಡುಗಿ. ಮನೆ ವಿದ್ಯಾರಣ್ಯಪುರಂ. ಅಪ್ಪ ಇಲ್ಲ. ತಾಯಿ ವಸಂತಮ್ಮ ಸಿಟಿ ಬಸ್ಸಿನಲ್ಲಿ ಕಂಡಕ್ಟರು, ಒಬ್ಬಳೇ ಮಗಳನ್ನು ಇಲ್ಲಿಯ ತನಕ ಓದಿಸಿದವಳು. ಒಂದು ಸಂಜೆ ಮೇಷ್ಟ್ರು ಎಂದಿನಂತೆ ಕತೆ ಬಿಚ್ಚಿ ರಾಮಪತ್ರೆಯ ಜೌಗಿಗೆ ಬಂದರು. ಸಿಂಚನ ಅವಲಕ್ಕಿ ತಿನ್ನುವುದನ್ನು ನಿಲ್ಲಿಸಿದಳು.

"ತಾತ, ಬೇರು ಮಂಡಿ ಥರ ಮೇಲಕ್ಕೆ ಬಂದಿತ್ತಾ? ನೀವೇ ನೋಡಿದ್ರಾ?"

"ನೋಡೋದೇನಮ್ಮ, ಅದರ ಮೇಲೆ ಕೂತು ಬುತ್ತಿ ಉಂಡಿದೀನಿ."

"ಅಯ್ಯೋ ತಾತ! ಆ ಭಾಗದಲ್ಲಿ ಅಂಥ ಜೌಗು ಇದೆ ಅಂತ ಯಾರೂ ಬರೆದೇ ಇಲ್ಲ ಕಣ್ರೀ! ಸಿಕ್ಕಿದ್ರೆ ನನ್ನ ಪ್ರಬಂಧದಲ್ಲಿ ಮೊದಲು ಕಂಡವರು ಅಂತ ನಿಮ್ಮ ಹೆಸರೇ ಹಾಕ್ತೀನಿ. ಒಂದು ನಕ್ಷೆ ಬರೆದುಕೊಡ್ತೀರಾ?"

ಆಗಲೇ ಹೇಳಿಬಿಡಬಹುದಿತ್ತು. ವಯಸ್ಸಾಯಿತಮ್ಮ, ಮರೆತುಹೋಗಿದೆ ಎಂದಿದ್ದರೂ ಸಾಕಿತ್ತು. ಆದರೆ ಹೆಸರು ಅಚ್ಚಾಗುತ್ತದೆ ಎಂಬ ಮಾತು ಮೇಷ್ಟ್ರ ಕಿವಿಗೆ ಬಿದ್ದಾಗಿತ್ತು. ಮಾರನೆಯ ದಿನ ಡ್ರಾಯಿಂಗ್ ಹಾಳೆ ಹರಡಿ, ಕಪ್ಪು ಶಾಯಿಯಲ್ಲಿ ನಕ್ಷೆ ಬರೆದರು. ಉತ್ತರ ದಿಕ್ಕಿನ ಬಾಣ, ಮೂಲೆಯಲ್ಲಿ ಅಳತೆ, ಏರುತಗ್ಗಿಗೆ ಸುತ್ತುಗೆರೆ. ತೋಟದ ಬೇಲಿ ದಾಟಿ, ತೊರೆ ದಾಟಿ, ಎಡಕ್ಕೆ ಏರು ಹತ್ತಿದರೆ ಮೊಲದ ಬಂಡೆ, ಅದರ ಹಿಂದೆ ಜೌಗು. ತೊರೆಯ ತನಕ ಎಲ್ಲ ನಿಜ, ಅದು ಸರಕಾರಿ ನಕ್ಷೆಯಿಂದ ಇಳಿಸಿಕೊಂಡದ್ದು. ತೊರೆಯಾಚೆ ಇದ್ದದ್ದೆಲ್ಲ ಮೇಷ್ಟ್ರ ತಲೆ. ಭೂಗೋಳದ ಮೇಷ್ಟ್ರು ಕೈಯಾರೆ ಬರೆದ ನಕ್ಷೆಯನ್ನು ಯಾರು ತಾನೇ ಅನುಮಾನಿಸುತ್ತಾರೆ?

ಶನಿವಾರ ಕಾಡಿಗೆ ಹೋಗುವವರು ಮೂವರು: ಸಿಂಚನ, ಶರಣ್ಯಾ, ಸುನಿಲ್ ಎಂಬ ಇನ್ನೊಬ್ಬ ಸಹಪಾಠಿ. ಅದನ್ನು ಕೇಳಿದಾಗ ಮಾತ್ರ ಮೇಷ್ಟ್ರು ಬೆಚ್ಚಿದರು. ಶರಣ್ಯಾ! ತನ್ನ ಮನೆಯ ಮಗು! ಆ ಕಾಡಿನಲ್ಲಿ ಇಲ್ಲದ ಬಂಡೆ ಹುಡುಕುತ್ತ ಅಲೆಯುವುದೇ?

ರಾತ್ರಿಯೂಟದ ಹೊತ್ತಿಗೆ ಉಪಾಯ ಹೊಳೆದಿತ್ತು. "ಶನಿವಾರ ನಿಮ್ಮ ಮುತ್ತಜ್ಜಿ ತಿಥಿ ಕಣಮ್ಮ. ಮನೆ ಹೆಣ್ಣುಮಗು ಇಲ್ದೆ ಆಗಲ್ಲ. ನೀನು ಹೋಗ್ಬೇಡ."

ಶರಣ್ಯಾ ಅತ್ತಳು, ಗೋಗರೆದಳು. ಅಡುಗೆಮನೆಯಲ್ಲಿ ಭಾನುಮತಿ ಗಂಡನನ್ನು ತಡೆದು ನಿಲ್ಲಿಸಿದರು. "ಅತ್ತೆಯವರದ್ದು ಮಾರ್ಗಶಿರದಲ್ಲಲ್ವೇನ್ರೀ?"

"ನಿಂಗೆ ಯಾಕದು?"

"ನಮ್ಮ ಮಗೂನ ನಿಲ್ಲಿಸಿದ್ರಿ. ಸರಿ. ಆ ಹುಡುಗಿ?"

"ಅವಳೇನು ಎಳೇ ಮಗುವೇ? ತೊರೆ ದಾಟಿ ಬಂಡೆ ಸಿಗದಿದ್ರೆ ವಾಪಸ್ ಬರ್ತಾಳೆ. ಈಗ ಹೋಗಿ ಹೇಳು ಅಂತೀಯಾ? ಹೇಳು, ಹೇಳ್ಬಿಡ್ಲಾ?"

ಭಾನುಮತಿ ಗಂಡನ ಮುಖವನ್ನೇ ನೋಡಿದರು. ಆಮೇಲೆ ಡಬ್ಬಿ ತೆಗೆದು ತಿಥಿಯ ವಡೆಗೆ ಉದ್ದಿನಬೇಳೆ ಎಷ್ಟಿದೆ ಎಂದು ನೋಡತೊಡಗಿದರು.

ಶನಿವಾರ ಪುರೋಹಿತ ವೆಂಕಟಸುಬ್ಬಯ್ಯನವರು ಬಂದರು. ಅವರಿಗೆ ಲೆಕ್ಕ ತಪ್ಪುವುದಿಲ್ಲವಲ್ಲ, ಅದಕ್ಕೆ "ನಮ್ಮ ಚಿಕ್ಕಮ್ಮನದು, ಮಾಡೋರು ಯಾರೂ ಇಲ್ಲ" ಎಂದು ಅವರ ಕಿವಿಯಲ್ಲಿ ಬೇರೊಂದು ಸುಳ್ಳು ಊದಿದ್ದಾಯಿತು. ಹೆತ್ತ ತಾಯಿಯ ತಿಥಿ ಎಂದು ಮೊಮ್ಮಗಳಿಗೆ ಹೇಳಿ, ಇಲ್ಲದ ಚಿಕ್ಕಮ್ಮನಿಗೆ ಪಿಂಡ ಇಟ್ಟರು ಶಾಮಣ್ಣ ಮೇಷ್ಟ್ರು. ಸಾಯಂಕಾಲ ಶರಣ್ಯಾಗೆ ಸುನಿಲನ ಫೋನು ಬಂತು. ತೊರೆ ದಾಟುತ್ತಲೇ ಜಿಗಣೆಯ ಕಾಟಕ್ಕೆ ತಾನು ಸೋತು ನಿಂತೆ, ಸಿಂಚನ ಮಾತ್ರ ಕೇಳಲಿಲ್ಲ, ಬೆಳಗ್ಗೆ ಹೋದವಳು ಇನ್ನೂ ಬಂದಿಲ್ಲ ಎಂದು ಬಿಕ್ಕುತ್ತಿದ್ದ. "'ತಾತ ಒಬ್ಬರೇ ಒಂಬತ್ತು ದಿನ ಇದ್ದು ಬಂದಿದಾರೆ, ನಾನು ಒಂದು ದಿನ ಹೋಗಿಬರಕ್ಕಾಗಲ್ವಾ?' ಅಂದ್ಲು ಕಣೇ."

ಭಾನುವಾರ ಬೆಳಗ್ಗೆ ವಸಂತಮ್ಮ ಬಂದಳು. ರಾತ್ರಿ ಪಾಳಿ ಮುಗಿಸಿದವಳು ಸುದ್ದಿ ತಿಳಿದು ಡಿಪೋದಿಂದ ನೇರ ಓಡಿ ಬಂದಿದ್ದಳು, ಮೈಮೇಲೆ ಖಾಕಿ ಹಾಗೇ ಇತ್ತು. ಒಳಗೆ ಬಂದವಳೇ ಮೇಷ್ಟ್ರ ಕಾಲು ಹಿಡಿದುಕೊಂಡಳು.

"ಮೇಷ್ಟ್ರೇ, ಆ ಕಾಡು ಕಂಡಿರೋರು ನೀವೊಬ್ರೇ. ನನ್ ಮಗಳನ್ನ ಎಂಗಾದ್ರೂ ಮಾಡಿ ತೋರಿಸ್ಕೊಟ್ಬುಡಿ. ನಂಗೆ ಅವಳು ಬುಟ್ರೆ ಯಾರವ್ರೆ?"

"ಏಳಮ್ಮ, ಏಳು. ಸಿಗ್ತಾಳೆ." ಎಂದು ಮೇಷ್ಟ್ರು ಅವಳ ಕೈ ಬಿಡಿಸಿದರು.

ಅಷ್ಟರಲ್ಲಿ, ಅವಳನ್ನು ಹುಡುಕಲು ಹೊರಟ ಅರಣ್ಯ ಇಲಾಖೆಯ ತಂಡದ ಮುಖ್ಯಸ್ಥನ ಫೋನು ಬಂತು. ಶರಣ್ಯಾ ಸ್ಪೀಕರು ಹಾಕಿ ಮೊಬೈಲನ್ನು ತಾತನ ಮುಂದಿನ ಟೀಪಾಯಿಯ ಮೇಲಿಟ್ಟಳು. ಆ ಮನುಷ್ಯ ನಿಧಾನಸ್ಥ, ಮಾತು ಬಿಡಿಸಿ ಬಿಡಿಸಿ ಆಡುವವನು.

"ಮೇಷ್ಟ್ರೇ, ಸುನಿಲ್ ಕೊಟ್ಟ ನಿಮ್ಮ ನಕ್ಷೆಯ ಫೋಟೋ ನೋಡ್ತಾ ಇದೀನಿ. ತೊರೆ ಹತ್ರಾನೇ ಇದೀವಿ. ನೀವು ಬರೆದಿರೋ ಬಂಡೆ ನಮ್ಮಲ್ಲಿ ಯಾರಿಗೂ ಗೊತ್ತಿಲ್ಲ. ಸಾಮಾನ್ಯವಾಗಿ ದಾರಿ ತಪ್ಪಿದೋರು ನೀರು ಹಿಡಿದು ಕೆಳಗೆ ಇಳೀತಾರೆ. ಆದ್ರೆ ಅವಳು ನಿಮ್ಮ ನಕ್ಷೆ ಹಿಡಿದು ಹೋಗಿದ್ರೆ ಮೇಲಿರಬೇಕು. ನಾವಿರೋದು ಹದಿನಾಲ್ಕೇ ಜನ, ಮಳೆ ಬೇರೆ. ಎರಡೂ ಕಡೆ ಆಗಲ್ಲ. ಆ ಬಂಡೆ ನೀವು ಕಣ್ಣಾರೆ ಕಂಡಿದ್ದಾ? ಅನುಮಾನ ಇದ್ರೆ ಹೇಳ್ಬಿಡಿ, ನಾವು ಕೆಳಗೆ ಹೋಗ್ತೀವಿ."

ವಸಂತಮ್ಮ ಕೈಮುಗಿದುಕೊಂಡೇ ಇದ್ದಳು. ಶರಣ್ಯಾ ತಾತನ ಬಾಯನ್ನೇ ನೋಡುತ್ತಿದ್ದಳು. ಪಕ್ಕದ ಮನೆಯವರು, ಎದುರು ಮನೆಯವರು, ಪಾರ್ಕಿನಲ್ಲಿ ಜೊತೆಗೆ ವಾಕಿಂಗ್ ಮಾಡುವ ಮೂವರು, ಎಲ್ಲ ಬಾಗಿಲಲ್ಲಿ ಕಿಕ್ಕಿರಿದಿದ್ದರು. ಅಡುಗೆಮನೆಯ ಹೊಸ್ತಿಲಲ್ಲಿ ಭಾನುಮತಿ.

ಇಲ್ಲ ಎಂಬ ಒಂದು ಮಾತು. ಮೇಷ್ಟ್ರ ಗಂಟಲಿಗೆ ಬಂದಿತ್ತು ಅದು. ದೇವರಾಣೆಗೂ ಬಂದಿತ್ತು. ಆದರೆ ಬಾಗಿಲಲ್ಲಿದ್ದ ಮುಖಗಳನ್ನು ಕಂಡರು. ಇನ್ನರ್ಧ ಗಂಟೆಯಲ್ಲಿ ಲಕ್ಷ್ಮೀಪುರಂನ ಅಂಗಡಿ ಅಂಗಡಿಯಲ್ಲೂ ನಗುತ್ತಾರೆ, ಇದ್ದಷ್ಟು ದಿನ ನಗುತ್ತಾರೆ ಅನ್ನಿಸಿತು. ಹುಡುಗಿ ಹೇಗೂ ಚುರುಕು, ತಾನೇ ಇಳಿದು ಬಂದಾಳು ಅಂತಲೂ ಅನ್ನಿಸಿತು. ಮನುಷ್ಯ ತನಗೆ ಬೇಕಾದ್ದನ್ನು ಎಷ್ಟು ಬೇಗ ನಂಬಿಕೊಳ್ಳುತ್ತಾನೆ!

"ಕಣ್ಣಾರೆ ಕಂಡಿದ್ದು," ಎಂದರು. ದನಿ ಅದುರಲಿಲ್ಲ. "ಐವತ್ತು ವರ್ಷ ಆಯ್ತಲ್ಲ, ಬಳ್ಳಿ ಮುಚ್ಚಿರುತ್ತೆ. ಎಡಕ್ಕೆ ಹತ್ತಿ. ಸಿಗಲಿಲ್ಲ ಅಂತ ಇಳೀಬೇಡಿ, ಇನ್ನೂ ಮೇಲೆ ಹೋಗಿ."

"ಆಯ್ತು ಮೇಷ್ಟ್ರೇ. ನಿಮ್ಮ ಮಾತಿನ ಮೇಲೆ ಹತ್ತುತ್ತೀವಿ."

ಬಾಗಿಲಲ್ಲಿ ನಿಂತವರು ನಿಟ್ಟುಸಿರುಬಿಟ್ಟರು. ಭಾನುಮತಿ ಬಾಯಿ ತೆರೆದರು, ಮುಚ್ಚಿದರು, ಒಳಗೆ ಹೋಗಿ ವಸಂತಮ್ಮನಿಗೆ ಕಾಫಿ ಬೆರೆಸಿ ತಂದರು.

ಎರಡು ದಿನ ಹದಿನಾಲ್ಕು ಜನ ಎಡಗಡೆಯ ಏರನ್ನು ಹತ್ತಿದರು. ಮೂರನೆಯ ದಿನ, ಮಂಗಳವಾರ, ಮೀನು ಹಿಡಿಯಲು ಬಂದ ತೋಟದ ಆಳೊಬ್ಬ ತೊರೆಯ ಕೆಳಗೆ, ಡಾಂಬರು ರಸ್ತೆಗೆ ಅರ್ಧ ಮೈಲಿಯಲ್ಲಿ ಸಿಂಚನಳನ್ನು ಕಂಡ. ಬಲಗಾಲು ಮುರಿದಿತ್ತು. ನೀರು ಹಿಡಿದೇ ಇಳಿದಿದ್ದಳು, ಬುದ್ಧಿವಂತೆ. ಕಾಲು ಮುರಿದ ಮೇಲೂ ತೆವಳಿದ್ದಳು. ದೇಹ ಪರೀಕ್ಷಿಸಿದ ಡಾಕ್ಟರು, ಸೋಮವಾರ ಮಧ್ಯಾಹ್ನದ ತನಕ ಜೀವ ಇದ್ದಿರಬೇಕು ಎಂದರಂತೆ. ಸುನಿಲ್ ಬಂದು ಹೇಳಿದ. ಕೂಗಿ ಕೂಗಿ ಅವಳ ಗಂಟಲು ಬಾತುಕೊಂಡಿತ್ತು ಎಂದೂ ಹೇಳಿದ. ಅದನ್ನು ಹೇಳಬಾರದಿತ್ತು, ಆದರೆ ಹುಡುಗ, ತಡೆಯಲಾರದೆ ಹೇಳಿಬಿಟ್ಟ.

"ಆ ತಿಥಿ ಒಂದಿಲ್ದಿದ್ರೆ ನಾನೂ ಜೊತೇಲಿರ್ತಿದ್ದೆ ತಾತ," ಎಂದಳು ಶರಣ್ಯಾ. "ಒಬ್ಬರಿಗೆ ಕಾಲು ಮುರಿದ್ರೆ ಇನ್ನೊಬ್ಬರು ರಸ್ತೆಗೆ ಓಡ್ತಿದ್ರು. ಅರ್ಧ ಮೈಲಿ."

ಮೇಷ್ಟ್ರಿಗೆ ನಾಲ್ಕು ದಿನ ಊಟ ಸೇರಲಿಲ್ಲ. ಪಶ್ಚಾತ್ತಾಪ ಪಟ್ಟರೇ? ಪಟ್ಟರು, ಇಲ್ಲವೆನ್ನುವಂತಿಲ್ಲ. ಆದರೆ ಬೀದಿಯವರು ಬಂದು "ನೀವು ನಿಮ್ಮ ಕೈಲಾದ್ದು ಮಾಡಿದ್ರಿ ಬಿಡಿ, ಅವಳು ನಕ್ಷೆ ಬಿಟ್ಟು ಕೆಳಗಿಳಿದ್ರೆ ಯಾರೇನು ಮಾಡಕ್ಕಾಗುತ್ತೆ?" ಎಂದಾಗ ತಲೆಯಾಡಿಸಿದರು. ಐದನೆಯ ದಿನದಿಂದ ಉಂಡರು.

ಹನ್ನೊಂದನೆಯ ದಿನದ ಕಾರ್ಯ ಮುಗಿದ ಮೇಲೆ ಒಂದು ಭಾನುವಾರ ಮಧ್ಯಾಹ್ನ ವಸಂತಮ್ಮ ಬಂದಳು. ಗೊತ್ತಾಗಿಬಿಟ್ಟಿತೇ? ಬೈಯಲು ಬಂದಳೇ? ಬೈದರೆ ಬೈಯಲಿ, ಹೊಡೆದರೆ ಹೊಡೆಯಲಿ, ಒಮ್ಮೆ ಮುಗಿದುಹೋಗಲಿ ಎಂದು ಮೇಷ್ಟ್ರ ಮನಸ್ಸಿನ ಯಾವುದೋ ಮೂಲೆ ಬೇಡಿಕೊಂಡಿತು.

ಅವಳು ಬೈಯಲಿಲ್ಲ. ಕುರ್ಚಿ ಎಳೆದುಕೊಟ್ಟರೂ ನೆಲದ ಮೇಲೇ ಕೂತಳು.

"ನಿಮ್ ಋಣ ಎಂಗ್ ತೀರಿಸ್ಲಿ ಮೇಷ್ಟ್ರೇ. ಅವತ್ತು ನೀವು ದಾರಿ ಹೇಳ್ತಾ ಇದ್ದಾಗ ನಂಗೆ ಎಷ್ಟು ಧೈರ್ಯ ಆಗಿತ್ತು ಗೊತ್ತಾ. ಅವಳ ಹಣೇಲಿ ಬರೆದಿರ್ಲಿಲ್ಲ, ಬುಡಿ." ಸೆರಗಿನಿಂದ ಮುಖ ಒರೆಸಿಕೊಂಡಳು. "ಒಂದೇ ಒಂದು ಕೇಳಕ್ಕೆ ಬಂದೆ. ನಾನು ಕಾಡು ಕಂಡಿಲ್ಲ. ಕಣ್ಮುಚ್ಚಿದ್ರೆ ಬರೀ ಕತ್ತಲೆ ಕಾಣ್ತದೆ, ಅದ್ರೊಳಗೆ ನನ್ ಮಗಳು ಕೂಗ್ತಾಳೆ. ನಿದ್ದೆ ಇಲ್ಲ. ನೀವು ಅಲ್ಲಿ ಇದ್ದು ಬಂದಿರೋರು. ಆ ಜಾಗ ಎಂಗಿದೆ, ಅವಳ ಕಣ್ಣಿಗೆ ಏನು ಬಿತ್ತು, ಒಸಿ ಹೇಳಿ."

ಮೇಷ್ಟ್ರು ಹೆಂಡತಿಯ ಕಡೆ ನೋಡಿದರು. ಭಾನುಮತಿ ಗೋಡೆಗೆ ಒರಗಿ ನಿಂತಿದ್ದರು. ಬೇಡ ಅನ್ನಲಿಲ್ಲ, ಹೇಳಿ ಅನ್ನಲಿಲ್ಲ.

"ಅಲ್ಲಿ... ಕತ್ತಲೆ ಇರಲ್ಲಮ್ಮ," ಎಂದು ಶುರು ಮಾಡಿದರು ಶಾಮಣ್ಣ. ಮೊದಲು ತಡವರಿಸಿದರು. ಆಮೇಲೆ ಮಾತು ತಾನಾಗಿ ಬಂತು. ಎಲೆಗಳ ಸಂದಿಯಲ್ಲಿ ಇಳಿಯುವ ಹಸಿರು ಬೆಳಕು ಬಂತು. ಕಲ್ಲಿಂದ ಕಲ್ಲಿಗೆ ಹಾರುವ ನೀರು ಬಂತು, ಅದರ ತಣ್ಣನೆಯ ಸದ್ದಿನಲ್ಲಿ ಯಾರಿಗಾದರೂ ನಿದ್ದೆ ಹತ್ತಿಬಿಡುತ್ತದೆ ಎಂಬ ಮಾತು ಬಂತು. ಅಂಗೈಯಗಲದ ನೀಲಿ ಚಿಟ್ಟೆಗಳು ಬಂದವು. ನೋವು ಗೊತ್ತಾಗುವುದಿಲ್ಲ, ಅಂಥ ಜಾಗ, ಎಂದರು. ಐವತ್ತು ವರ್ಷದಲ್ಲಿ ಇಷ್ಟು ಚೆನ್ನಾಗಿ ಅವರು ಎಂದೂ ಹೇಳಿರಲಿಲ್ಲ. ಹೇಳುತ್ತ ಹೇಳುತ್ತ ಅವರ ಮೈಯೆಲ್ಲ ಬೆವೆತುಹೋಯಿತು.

ವಸಂತಮ್ಮ ಕಣ್ಣು ಮುಚ್ಚಿ ಕೇಳಿದಳು. ಮುಖದ ಬಿಗಿ ಸಡಿಲಿತು.

"ಈಗ ಕಂಡ್ಳು," ಎಂದಳು. "ಅಂಗಾದ್ರೆ ನನ್ ಕೂಸು ಒಳ್ಳೆ ಜಾಗದಲ್ಲೇ ಮಲಗಿದ್ಲು." ಎದ್ದು ನಿಂತಳು. "ಮೇಷ್ಟ್ರೇ, ಭಾನುವಾರ ನಂಗೆ ರಜ. ವಾರವಾರ ಬರ್ಲಾ? ಇದನ್ನೇ ಹೇಳಿ, ಬೇರೆ ಏನೂ ಬೇಡ. ಇದು ಕೇಳಿದ್ರೆ ಬದುಕ್ತೀನಿ."

ಶಾಮಣ್ಣ ಮೇಷ್ಟ್ರು ಎರಡು ಕೈಯಲ್ಲೂ ಕುರ್ಚಿಯ ಹಿಡಿ ಬಿಗಿಹಿಡಿದಿದ್ದರು. ಆಗದಮ್ಮ ಎನ್ನಲು ಬಾಯಿ ತೆರೆದರು.

"ಬನ್ನಿ ವಸಂತಮ್ಮ," ಎಂದರು ಭಾನುಮತಿ, ಅವರಿಗಿಂತ ಮೊದಲು. "ಪ್ರತಿ ವಾರ ಬನ್ನಿ. ಇವರು ಉಸಿರಿರೋ ತನಕ ಹೇಳ್ತಾರೆ."