ಗುಡಿಸದೆ ಉಳಿದ ನೆಲ

ಭಾದ್ರಪದದ ಮೇಘಮಾಲೆ ಇರುಳೆಲ್ಲ ಸುರಿದು ಬರಿದಾಗಿ, ಭಾಂಡುಪಿನ ಗುಡ್ಡದ ಹಸಿರು ಮೈತೊಳೆದು ನಿಂತಿತ್ತು... ಪ್ರಾತಃಕಾಲದ ಸುವರ್ಣರಶ್ಮಿಗಳು ಬಿಲ್ಡಿಂಗುಗಳ ನೀರಿನ ಟಾಂಕಿಗಳನ್ನೂ, ಕಿಟಕಿಯ ಸರಳುಗಳಲ್ಲಿ ನೇತಾಡುವ ಒದ್ದೆ ಬಟ್ಟೆಗಳನ್ನೂ, ಸ್ಟೇಷನ್ನಿನತ್ತ ಧಾವಿಸುವ ಜನಪ್ರವಾಹವನ್ನೂ ಭೇದವೆಣಿಸದೆ ಆಲಿಂಗಿಸುತ್ತಿದ್ದವು. ಸಹೃದಯ ವಾಚಕರೇ, ಈ ಮಹಾನಗರಿಯಲ್ಲಿ ಸೂರ್ಯೋದಯದ ಸೌಂದರ್ಯವನ್ನು ಸವಿಯಬೇಕಾದರೆ ಲೋಕಲ್ ರೈಲು ತಪ್ಪಿಸಿಕೊಳ್ಳುವ ಧೈರ್ಯ ಬೇಕು! ಅಂದು ಸುಹಾಸನಿಗೆ ಆ ಧೈರ್ಯವಿತ್ತು. ಆಫೀಸಿಗೆ ರಜೆ ಹಾಕಿ, ಮೂರನೆಯ ಮಾಳಿಗೆಯ ಕಿಟಕಿಯಲ್ಲಿ ನಿಂತು, ಅಷ್ಟು ಚೆಲುವಾದ ಬೆಳಕನ್ನು ಅವನು ಮನಸಾರೆ ಶಪಿಸುತ್ತಿದ್ದ. ಅಂದು ಐಲಾ ಹೊರಡುವ ದಿನ.

ಐಲಾ ಫಿನ್ಲೆಂಡಿನವಳು. ಸಾಂಸ್ಕೃತಿಕ ವಿನಿಮಯಕ್ಕೆಂದು ಬಂದ ಗಾಯಕವೃಂದವನ್ನು ಇಲ್ಲಿನ ಕನ್ನಡ ಸಂಘ ಲಾಡ್ಜಿನಲ್ಲಿ ಇಳಿಸದೆ ಸದಸ್ಯರ ಮನೆಗಳಿಗೆ ಹಂಚಿತ್ತು. ಸ್ಟೇಷನ್ ಪಕ್ಕದಲ್ಲಿ ಪುಟ್ಟ ಹೋಟೆಲು ನಡೆಸುವ, ಸುಹಾಸನ ತಂದೆ ಅಣ್ಣು ಶೆಟ್ಟರ ಪಾಲಿಗೆ ಅವಳು ಬಂದಳು. ಊರಿಗೆಲ್ಲ ಬಡಿಸುವವರಿಗೆ ಒಬ್ಬಳು ಹುಡುಗಿ ಹೆಚ್ಚಾಗುತ್ತಾಳೆಯೇ?

ಬಂದ ದಿನ, ಸುಹಾಸನ ತಾಯಿ ವಿನೋದಿನಿಯಮ್ಮ ಉಡುಪಿಯ ಕಡೆಯ ರೂಢಿಯಂತೆ ಬೆಲ್ಲದ ತುಂಡನ್ನೂ ನೀರನ್ನೂ ಮುಂದಿಟ್ಟರು. ಐಲಾ ಬಲು ವಿನಯದಿಂದ ಬೆಲ್ಲವನ್ನು ನೀರಿಗೆ ಹಾಕಿ, ಕಲಕಲು ಚಮಚ ಕೇಳಿದಳು! ವಿನೋದಿನಿಯಮ್ಮ ಸೆರಗಿನೊಳಗೆ ನಕ್ಕರು. ಮೊದಲು ಬೆಲ್ಲ ಕಚ್ಚಿ, ಆಮೇಲೆ ನೀರು ಕುಡಿಯಬೇಕೆಂದು ಸುಹಾಸ ತೋರಿಸಿಕೊಟ್ಟ. ಆಕೆ ತನ್ನ ತಪ್ಪಿಗೆ ತಾನೇ ನಕ್ಕಳು ನೋಡಿ... ಅಲ್ಲಿಗೆ ನಮ್ಮ ಹುಡುಗನ ಹೃದಯ ಕೈತಪ್ಪಿತು.

ಆಮೇಲಿನ ದಿನಗಳನ್ನು ವರ್ಣಿಸುವುದೇನು! ಐಲಾ ಎರೆದ ನೀರುದೋಸೆ ಏಳುವುದಕ್ಕಿಂತ ಕಾವಲಿಗೆ ಅಂಟಿದ್ದೇ ಹೆಚ್ಚು. ಮುಸ್ಸಂಜೆ ಬಾಲ್ಕನಿಯಲ್ಲಿ ಅವಳು ತನ್ನ ಹಿಮಾವೃತ ದೇಶದ ಹಾಡನ್ನು ಮೆಲುದನಿಯಲ್ಲಿ ಗುನುಗುವಳು. ಭಾಷೆ ತಿಳಿಯದ ಸುಹಾಸ ಭಾವವನ್ನೆಲ್ಲ ತಿಳಿದವನಂತೆ ತಲೆದೂಗುವನು. ಗೌರಿ ಬರುವ ದಿನ, ಎದುರು ಮನೆಯ ಮರಾಠಿ ಹೆಂಗಸು ಶಿಂಧೆ ಕಾಕು ಹೊಸ್ತಿಲಿನಿಂದ ಒಳಕ್ಕೆ ರಂಗೋಲಿಯಲ್ಲಿ ಪುಟ್ಟಪುಟ್ಟ ಪಾದಗಳನ್ನು ಬರೆಯುತ್ತಿದ್ದರು.

"ಹೊರಗೆ ಹೋಗುವ ಹೆಜ್ಜೆಗಳೇಕೆ ಇಲ್ಲ?" ಎಂದು ಐಲಾ ಇಂಗ್ಲಿಷಿನಲ್ಲಿ ಕೇಳಿದಳು.

"ಬರುವ ಹೆಜ್ಜೆಯನ್ನಷ್ಟೇ ಬರೆಯುತ್ತಾರೆ. ಹೋಗುವುದನ್ನು ಯಾರೂ ಬರೆಯುವುದಿಲ್ಲ," ಎಂದ ಸುಹಾಸ. ಇಬ್ಬರ ಕಣ್ಣುಗಳೂ ಕೂಡಿದವು.

ಪ್ರೀತಿ ಎರಡೂ ಕಡೆ ಇತ್ತು ಎಂಬುದು ಶಿಂಧೆ ಕಾಕುವಿಗೂ ತಿಳಿದಿತ್ತು. ಆದರೂ ಸುಹಾಸ ಬಾಯಿಬಿಡಲಿಲ್ಲ. ತನ್ನ ಮನೆಯ ಅನ್ನ ಉಣ್ಣುತ್ತಿರುವವಳ ಮುಂದೆ ಮನದ ಮಾತಿಟ್ಟರೆ, ಉಂಡ ಋಣಕ್ಕೆ ಅವಳು 'ಇಲ್ಲ' ಎನ್ನಲಾರಳಲ್ಲ! ಅತಿಥಿಯಾಗಿರುವವರೆಗೆ ಸುಮ್ಮನಿದ್ದು, ಹೊರಡುವ ಗಳಿಗೆಯಲ್ಲಿ ಒಂದೇ ಮಾತು ಕೇಳುವುದೆಂದು ನಿಶ್ಚಯಿಸಿದ್ದ: ಮತ್ತೆ ಬರುವೆಯಾ?

ಆ ಗಳಿಗೆ ಬಂದಿತು. ಸುಹಾಸ ಕೆಳಗಿಳಿದು ಟ್ಯಾಕ್ಸಿ ಕರೆತಂದ. ಮೇಲೆ ಬಂದು ನೋಡಿದರೆ ತಾಯಿ ಬಾಗಿಲ ಹೊರಗೆ ಮುಖ ಸಣ್ಣದು ಮಾಡಿಕೊಂಡು ನಿಂತಿದ್ದರು. ಒಳಗೆ ಐಲಾ ಪೊರಕೆ ಹಿಡಿದು ಕೃತಾರ್ಥಳಂತೆ ನಗುತ್ತಿದ್ದಳು. ತಾನಿದ್ದ ಕೋಣೆಯನ್ನು ಗುಡಿಸಿ, ಒರೆಸಿ, ಹಾಸಿಗೆ ಮಡಚಿಟ್ಟು, ನಡುಮನೆಯನ್ನೂ ಬಾಗಿಲವರೆಗೆ ಗುಡಿಸಿಯಾಗಿತ್ತು.

"ಎಂತ ಮಾರಾಯ ಇದು?" ವಿನೋದಿನಿಯಮ್ಮ ಮಗನತ್ತ ತಿರುಗಿದರು. "ನೆಂಟರು ಹೋದ ಮೇಲೆ ಸಹ ನಾವು ಕೂಡ್ಲೇ ಪೊರಕೆ ಮುಟ್ಟುದಿಲ್ಲ. ಇವಳು ಹೋಗುವ ಮೊದ್ಲೇ ತನ್ನ ಕೈಯಾರೆ ಗುಡಿಸಿ ಬಿಟ್ಳಲ್ಲ! ಋಣ ಮುಗೀತು ಅಂತಲಾ? ನಾನೆಂತ ಕಮ್ಮಿ ಮಾಡಿದ್ದೆ ಅವಳಿಗೆ?"

"ಅಮ್ಮಾ, ಅವಳಿಗೆ ಇದೆಲ್ಲ ಮಾಲೂಮ್ ಇಲ್ಲ," ಎಂದ ಸುಹಾಸ. ಹಾಗೆಂದನೇನೋ ನಿಜ... ಆದರೆ ಆ ಕೋಣೆಯನ್ನು ಕಂಡು ಅವನಿಗೂ ಅದೇ ಶಂಕೆ ಹುಟ್ಟಿತು. ಅಲ್ಲಿ ಅವಳ ಒಂದು ಕೂದಲೆಳೆಯೂ ಉಳಿದಿರಲಿಲ್ಲ. ಕೇಳಬೇಕೆಂದಿದ್ದ ಮಾತು ನಾಲಗೆಯಲ್ಲೇ ಒಣಗಿತು. ತಾಯಿಯ ಸಂಕಟವನ್ನು ಮಾತ್ರ ಅವಳಿಗೆ ಬಿಡಿಸಿ ಹೇಳಿದ.

ಐಲಾಳ ಕೈಯಿಂದ ಪೊರಕೆ ಜಾರಿತು. "ನಮ್ಮಲ್ಲಿ ಇದ್ದ ಜಾಗವನ್ನು ಶುಚಿ ಮಾಡಿ ಹೋಗುವುದೇ ಪ್ರೀತಿ," ಎಂದಳು ಕಣ್ಣು ತುಂಬಿ. "ಇಲ್ಲಿ?"

"ಇಲ್ಲಿ ಗುರುತು ಬಿಟ್ಟುಹೋಗುವುದು."

ಅವಳು ಕ್ಷಣಕಾಲ ನೆಲ ನೋಡಿದಳು. ಬಳಿಕ ಅಡುಗೆಮನೆಯಿಂದ ಚೊಂಬು ತುಂಬ ನೀರು ಹಿಡಿದು, ಬಾಗಿಲಾಚೆ ಮೆಟ್ಟಿಲ ಬಳಿ ನಿಂತು, ಬರಿಗಾಲುಗಳ ಮೇಲೆ ಸುರಿದುಕೊಂಡಳು. ಬಲಗಾಲು ಮುಂದಿಟ್ಟು ಹೊಸ್ತಿಲು ದಾಟಿದಳು. ಒಂದೊಂದಾಗಿ, ಅವಸರವಿಲ್ಲದೆ, ಅಡುಗೆಮನೆಯ ಬಾಗಿಲವರೆಗೂ ನಡೆದಳು. ಗುಡಿಸಿದ ನೆಲದ ತುಂಬ ಒದ್ದೆ ಹೆಜ್ಜೆಗಳು!

"ಅಗಬಾಈ! ಗೌರೀ ಪರತ ಆಲೀ ಕೀ!" ಎದುರು ಬಾಗಿಲಿನಿಂದ ಶಿಂಧೆ ಕಾಕು ಉದ್ಗರಿಸಿದರು; ಗೌರಿ ತಿರುಗಿ ಬಂದಳಲ್ಲ ಎಂದು ಅವರಿಗೆ ಪರಮಾಶ್ಚರ್ಯ.

ವಿನೋದಿನಿಯಮ್ಮ ಒಳಗೆ ಹೋದರು. ಮರಳಿದಾಗ ಒಂದು ಕೈಯಲ್ಲಿ ಬೆಲ್ಲ, ಇನ್ನೊಂದರಲ್ಲಿ ನೀರು. ಐಲಾ ನೆಲದ ಮೇಲೆ ಕೂತು, ಮೊದಲು ಬೆಲ್ಲ ಕಚ್ಚಿ, ಆಮೇಲೆ ನೀರು ಕುಡಿದಳು.

"ಈಗ ಕಲ್ತಳು ನೋಡು," ಎಂದು ಆ ತಾಯಿ ಅಳುತ್ತಲೇ ನಕ್ಕು, ಅವಳ ತಲೆ ಸವರಿದರು.

ಕೆಳಗೆ ಟ್ಯಾಕ್ಸಿ ಹಾರ್ನ್ ಹಾಕಿತು. ಸುಹಾಸನಿಗೆ ಇನ್ನು ತಡೆಯಲಾಗಲಿಲ್ಲ.

"ಐಲಾ, ನೀನು ಮತ್ತೆ ಬರುವೆಯಾ? ಅತಿಥಿಯಾಗಿ ಅಲ್ಲ... ನನಗಾಗಿ."

ಅವಳು ನೆಲದತ್ತ ಕೈ ತೋರಿಸಿದಳು. "ಆಗಲೇ ಬಂದೆನಲ್ಲ, ಸುಹಾಸ. ಈಗ ಸಾಮಾನು ತರಲು ಹೋಗುತ್ತಿದ್ದೇನೆ, ಅಷ್ಟೇ."

ಅಷ್ಟರಲ್ಲಿ ಅವಳ ಪಾದಗಳು ಒಣಗಿದ್ದವು. ಅವಳು ಹೊಸ್ತಿಲು ದಾಟಿ ಹೊರಟಾಗ ನೆಲದ ಮೇಲೆ ಯಾವ ಗುರುತೂ ಮೂಡಲಿಲ್ಲ. ಒಳಗೆ ಬಂದ ಹೆಜ್ಜೆಗಳು ಮಾತ್ರ ಆ ತೇವದ ಹವೆಯಲ್ಲಿ ಇನ್ನೂ ಹೊಳೆಯುತ್ತಿದ್ದವು. ಸಂಜೆ ಹೋಟೆಲಿನಿಂದ ಬಂದ ಅಣ್ಣು ಶೆಟ್ಟರು ದೀಪ ಹಚ್ಚುವ ಹೊತ್ತಾದರೂ ಮನೆ ಗುಡಿಸಿಲ್ಲವಲ್ಲ ಎಂದು ಗೊಣಗಿದರು. ಹೆಂಡತಿ ಪೊರಕೆ ಮುಟ್ಟಲಿಲ್ಲ.

ಸಹೃದಯರೇ, ನೀರಿನ ಹೆಜ್ಜೆ ಒಣಗದೆ ಇರುತ್ತದೆಯೇ? ಮಧ್ಯಾಹ್ನದ ಬಿಸಿಲಿಗೆ ಅವೂ ಆರಿದ್ದವು... ಆದರೂ ಸಂಗತಿ ತಿಳಿದ ಶೆಟ್ಟರೂ ಸೇರಿ ಆ ಮನೆಯ ಮೂವರೂ ಮರುದಿನದವರೆಗೆ ಗೋಡೆಯ ಅಂಚು ಹಿಡಿದೇ ಓಡಾಡಿದರು. ಕಾಣದ ಹೆಜ್ಜೆಯನ್ನು ತುಳಿಯಲಾಗದೆ ಪಕ್ಕಕ್ಕೆ ಸರಿಯುವ ಆ ಎಚ್ಚರಕ್ಕೆ ಮನುಷ್ಯರು ಪ್ರೀತಿಯೆನ್ನುತ್ತಾರೆ; ಯಾರಿಗಾಗಿ ಒಂದು ಮನೆ ಅಷ್ಟು ಎಚ್ಚರವಾಗಿರುತ್ತದೆಯೋ, ಅವರಿಗೆ ಅದು ಪರದೇಶದ ಮನೆಯಲ್ಲ!