ಅಮಾವಾಸ್ಯೆಗೆ ಗುಡ್ಡ ಹತ್ತಿದ ಪರದೆ

ಓಬಯ್ಯ ಬಿಳಿ ಬಣ್ಣದ ಕುಂಚವನ್ನು ಜೋರಾಗಿ ಕೊಡವಿದ. ನನ್ನ ನೀಲಿ ಆಕಾಶದ ತುಂಬ ಹನಿಗಳು ಸಿಡಿದವು. "ಥತ್" ಎಂದು ಗೊಣಗುತ್ತ ಒದ್ದೆ ಬಟ್ಟೆಯಿಂದ ಒಂದೊಂದನ್ನೇ ಒರೆಸಿ, ಕೊಳದ ಎರಡನೆಯ ಹಂಸಕ್ಕೆ ಕೊಕ್ಕು ಬರೆದು ಮುಗಿಸಿದ.

ನಾನು ಒಂದು ಪರದೆ, ಫೋಟೋ ಸ್ಟುಡಿಯೋದ್ದು. ಓಬಯ್ಯ ಸಿನಿಮಾ ಬ್ಯಾನರ್ ಬರೆಯುವವನು. ಹಿಮದ ಬೆಟ್ಟವನ್ನು ಅವನು ಕಂಡದ್ದು ಕ್ಯಾಲೆಂಡರಿನಲ್ಲಿ. ಹಾಗಾಗಿ ನನ್ನ ಬೆಟ್ಟಗಳು ಸ್ವಲ್ಪ ಇಡ್ಲಿಯ ಹಾಗಿವೆ. ಆದರೂ ತರೀಕೆರೆಯ ತಿಪ್ಪೇಶಪ್ಪನವರು ನನ್ನನ್ನು ಸ್ಟುಡಿಯೋದ ಗೋಡೆಗೆ ಪ್ರೀತಿಯಿಂದಲೇ ತೂಗುಹಾಕಿದರು. ನನ್ನ ಮುಂದೆ ಮದುಮಕ್ಕಳು ಬೆವರಿದರು, ಕೂಸುಗಳು ಉಚ್ಚೆ ಹೊಯ್ದವು. "ಅಲ್ಲಾಡ್ಬೇಡಿ, ಉಸಿರು ಹಿಡ್ಕೊಳಿ" ಎಂದು ತಿಪ್ಪೇಶಪ್ಪನವರು ಹೇಳಿದಾಗಲೆಲ್ಲ ನಾನೂ ಹಿಡಿದುಕೊಳ್ಳುತ್ತಿದ್ದೆ.

ಅವರ ನಂತರ ಸ್ಟುಡಿಯೋ ಮಗಳು ಮಂಗಳಳ ಕೈಗೆ ಬಂತು. ಮಂಗಳ ಕಂಪ್ಯೂಟರ್ ತಂದಳು. ಜನರನ್ನು ಬಿಳಿ ಗೋಡೆಯ ಮುಂದೆ ನಿಲ್ಲಿಸಿ, ಹಿಂದೆ ಕಾಶ್ಮೀರವನ್ನೋ ಸ್ವಿಟ್ಜರ್‌ಲೆಂಡನ್ನೋ ಅಂಟಿಸತೊಡಗಿದಳು. ನನ್ನನ್ನು ಇಳಿಸಿದಳು, ಬಿಸಾಡಲಿಲ್ಲ. ಲೈಟುಗಳನ್ನು ಸುತ್ತಿಡುವ ಬಟ್ಟೆಯಾಗಿ ಜೀಪಿನ ಹಿಂಬದಿ ಸೇರಿದೆ.

ಒಮ್ಮೆ ಮದುವೆ ಗೊತ್ತಾದ ಜೋಡಿಯೊಂದರ ಫೋಟೋ ತೆಗೆಯಲು ಕೆಮ್ಮಣ್ಣುಗುಂಡಿಗೆ ಹೋಗಿದ್ದೆವು. ಸಂಜೆ ಅವರಿಬ್ಬರೂ ತಮ್ಮ ಕಾರಿನಲ್ಲಿ ಇಳಿದುಹೋದರು. ನಮ್ಮ ಜೀಪಿನ ಕ್ಲಚ್ ಕೇಬಲ್ ತುಂಡಾಯಿತು. ಇನ್ನೊಂದು ಗಾಡಿ ಮೇಲೆ ಬರುವವರೆಗೆ ಕಾಯದೆ ವಿಧಿಯಿರಲಿಲ್ಲ. ಡ್ರೈವರ್ ಫಯಾಜ್ ಸೀಟಿಗೆ ಒರಗಿ ಕೂತ. ಸುತ್ತ ಅಮಾವಾಸ್ಯೆಯ ಕತ್ತಲು ಕವಿಯಿತು. ಎದುರಿನ ಗುಡ್ಡವನ್ನು ನೋಡುತ್ತ ನಿಂತಿದ್ದ ಮಂಗಳ ಕ್ಯಾಮೆರಾ ಎತ್ತಿ, ಮದುವೆ ಮನೆಯ ಅಭ್ಯಾಸದಂತೆ, ಗುಡ್ಡಕ್ಕೆ ಫ್ಲಾಶ್ ಹೊಡೆದಳು.

"ಅಕ್ಕಾ, ಗುಡ್ಡ ನಗ್ತಾ?" ಎಂದ ಫಯಾಜ್.

"ಸುಮ್ನಿರೋ."

ಚಿತ್ರದಲ್ಲಿ ಬೆಳ್ಳಗಾಗಿದ್ದದ್ದು ಎದುರಿನ ಎರಡು ಹುಲ್ಲುಕಡ್ಡಿ ಮಾತ್ರ. ಮಂಗಳ ಫ್ಲಾಶ್ ಕಳಚಿದಳು. ಕ್ಯಾಮೆರಾವನ್ನು ಸ್ಟ್ಯಾಂಡಿಗೇರಿಸಿ ಅದರ ಮುಖ ಮೇಲೆತ್ತಿದಳು. ಬಗ್ಗಿ ನೋಡಿದರೆ ಕುತ್ತಿಗೆ ನೋಯುತ್ತಿತ್ತು. ಆಗ ನನ್ನನ್ನು ಹುಲ್ಲಿನ ಮೇಲೆ ಹಾಸಿ ಅಂಗಾತ ಮಲಗಿದಳು. ಅಷ್ಟು ವರ್ಷ ಜನರ ಬೆನ್ನ ಹಿಂದೆ ನಿಂತಿದ್ದ ನಾನು ಮೊದಲ ಸಲ ಒಬ್ಬರ ಬೆನ್ನ ಕೆಳಗೆ ಬಂದೆ. ಶಟರ್ ತೆರೆದಳು. ಮೂವತ್ತರವರೆಗೆ ಎಣಿಸಿದಳು.

ಮೊದಲ ಚಿತ್ರದಲ್ಲಿ ನಕ್ಷತ್ರಗಳು ಬೆಳ್ಳುಳ್ಳಿಯ ಎಸಳಿನಂತೆ ಊದಿಕೊಂಡಿದ್ದವು. ಫೋಕಸ್ ತಿರುಗಿಸುತ್ತ ಹೋದಂತೆ ನಾಲ್ಕನೆಯದರಲ್ಲಿ ಸೂಜಿಮೊನೆಯಾದವು. ಗುಡ್ಡದ ಕಪ್ಪು ಬೆನ್ನಿನ ಮೇಲೆ ಆಕಾಶಗಂಗೆ, ಓಬಯ್ಯ ಅಂದು ಒರೆಸಿಹಾಕಿದ್ದ ಹನಿಗಳೆಲ್ಲ ಒಟ್ಟಿಗೆ ಮರಳಿದಂತೆ. ಮಂಗಳ ಮತ್ತೆ ಮೂವತ್ತು ಎಣಿಸತೊಡಗಿದಳು. ಅವಳ ಬೆನ್ನು ನಡುಗುತ್ತಿದ್ದದ್ದು ನನಗೆ ಗೊತ್ತಾಯಿತು. ಚಳಿಯೂ ಇತ್ತು.

ಆಮೇಲೆ ಪ್ರತಿ ಅಮಾವಾಸ್ಯೆಗೂ ನಮ್ಮ ಪ್ರಯಾಣ. "ಜನ ಅಮಾಸೆ ಅಂದ್ರೆ ಬಾಗ್ಲು ಹಾಕ್ಕೊಂತಾರೆ, ನೀವು ಗುಡ್ಡ ಹತ್ತೀರಿ. ನಮ್ಮನೇವ್ರು ನಂಗೆ ತಾಯ್ತ ಕಟ್ಸವ್ರೆ" ಎಂದು ಫಯಾಜ್ ಗೊಣಗುತ್ತಿದ್ದ. ಫ್ಲಾಸ್ಕಿನಲ್ಲಿ ಚಹಾ ತರುತ್ತಿದ್ದವನೂ ಅವನೇ. ನನ್ನ ಹಂಸಗಳು ಕಲ್ಲುಮುಳ್ಳಿಗೆ ಸವೆದು ಅಳಿಸಿದವು. ಬೇಸರವಾಗಲಿಲ್ಲ. ಇಡ್ಲಿಯಂತಲ್ಲದ ಬೆಟ್ಟಗಳನ್ನು ಈ ಮುದಿ ವಯಸ್ಸಿನಲ್ಲಿ ನೋಡುತ್ತಿದ್ದೆ.

ಬೇಸರ ಮಂಗಳಳಿಗಿತ್ತು. ಎಲ್ಲಕ್ಕಿಂತ ಚೆನ್ನಾಗಿ ಬಂದ ಚಿತ್ರವನ್ನು ದೊಡ್ಡದು ಮಾಡಿಸಿ ಸ್ಟುಡಿಯೋದಲ್ಲಿ ತೂಗುಹಾಕಿದ್ದಳು. ಗುಡ್ಡ ಇಳಿದು ಬಂದ ಮೇಲೆ ನಾನೂ ಈಗ ಅಲ್ಲೇ ಮೂಲೆಯಲ್ಲಿರುತ್ತಿದ್ದೆ. ಬಂದವರೆಲ್ಲ ಕೇಳುತ್ತಿದ್ದದ್ದು ಒಂದೇ.

"ಈ ಬ್ಯಾಕ್‌ಗ್ರೌಂಡ್ ಚೆನ್ನಾಗಿದೆ, ನಮ್ ಹುಡುಗನ ಫೋಟೋಗೂ ಹಾಕ್ಕೊಡಿ."

"ಇದು ನಿಜವಾದ್ದು. ನಮ್ ಕೆಮ್ಮಣ್ಣುಗುಂಡಿ."

"ಹೂಂ, ನಮ್ ಮದ್ವೆ ಫೋಟೋದಲ್ಲಿ ಕಾಶ್ಮೀರಾನೂ ನಿಜಾನೇ ಬಿಡಿ."

ನಗುತ್ತಲೇ ಹೇಳುತ್ತಿದ್ದರು. ಅರ್ಧ ಊರನ್ನು ಕಾಶ್ಮೀರಕ್ಕೆ ಕಳಿಸಿದವಳು ಅವಳೇ ಅಲ್ಲವೇ? ಎಲ್ಲರ ಕೈಯಲ್ಲೂ ಮೊಬೈಲ್ ಬಂದ ಮೇಲೆ ಆ ಕಾಶ್ಮೀರಕ್ಕೂ ಗಿರಾಕಿ ಕಡಿಮೆಯಾಗಿದ್ದರು. ಸ್ಟುಡಿಯೋ ಮುಚ್ಚಿದರೆ ಗೋಡೆ ಒಡೆದು ಅಂಗಡಿ ದೊಡ್ಡದು ಮಾಡಿಕೊಳ್ಳಲು ಪಕ್ಕದ ಬೇಕರಿಯವರು ಕಾಯುತ್ತಿದ್ದರು.

ಅಂಥ ಸಮಯಕ್ಕೆ ಹೋಂಸ್ಟೇ ನಡೆಸುವ ಸುರೇಂದ್ರಗೌಡರು ಬಂದರು. ಚಿತ್ರದ ಮುಂದೆ ಬಹಳ ಹೊತ್ತು ನಿಂತರು. ಎಲ್ಲ ರೂಮಿಗೂ ಗೋಡೆ ಅಗಲದ್ದು ಬೇಕು, ಮುಂದಿನ ವರ್ಷ ಹೊಸ ಕಟ್ಟಡಕ್ಕೂ ಬೇಕು ಎಂದರು. ಫಯಾಜ್ ಸ್ಟೂಲು ತಂದಿಟ್ಟ. ಮಂಗಳಳ ಮುಖ ಅರಳಿದ್ದನ್ನು ನಾನು ಮೂಲೆಯಿಂದ ಕಂಡೆ. ಸ್ಟುಡಿಯೋ ಉಳಿಯಿತು ಅಂದುಕೊಂಡೆ.

"ಒಂದೇ ಒಂದು ಕೆಲ್ಸ" ಎಂದರು ಗೌಡರು. "ಇಲ್ಲಿ, ಗುಡ್ಡದ ತಲೆ ಮೇಲೆ, ಒಂದು ದೊಡ್ಡ ಚಂದ್ರನ್ನ ಕೂರ್ಸಿ. ಚಂದ್ರ ಇಲ್ದೆ ರಾತ್ರಿಗೆ ಕಳೆ ಬರಲ್ಲ."

"ಚಂದ್ರ ಇದ್ರೆ ಇಷ್ಟು ನಕ್ಷತ್ರ ಕಾಣಲ್ಲ ಗೌಡ್ರೆ. ಅವತ್ತು ಅಮಾವಾಸ್ಯೆ."

"ಅದನ್ನ ಯಾರಮ್ಮ ಕೇಳ್ತಾರೆ?"

"ಹಾಕ್ಬಿಡಿ ಅಕ್ಕ, ಅರ್ಧ ಗಂಟೆ ಕೆಲ್ಸ" ಎಂದು ಫಯಾಜ್ ಪಿಸುಗುಟ್ಟಿದ.

ಅರ್ಧ ಗಂಟೆಯೂ ಬೇಕಿರಲಿಲ್ಲ. ಚಂದ್ರಗಳು ಕಂಪ್ಯೂಟರಿನಲ್ಲಿ ರಾಶಿಯಿದ್ದವು. ನಾನಾದರೂ ಏನು ಹೇಳಲಿ? ಹುಟ್ಟಿದ್ದೇ ಸುಳ್ಳು ಬೆಟ್ಟ ಹೊತ್ತುಕೊಂಡು, ಆ ಸುಳ್ಳಿನ ಮುಂದೆ ಜನ ನಿಜವಾಗಿಯೇ ನಕ್ಕಿದ್ದಾರೆ. ಹಾಕಿದರೂ ಅವಳ ಮೇಲೆ ನನಗೆ ಕೋಪ ಬರುತ್ತಿರಲಿಲ್ಲ. ಮಂಗಳ ಬೇಕರಿ ಕಡೆಯ ಗೋಡೆಯನ್ನೊಮ್ಮೆ ನೋಡಿದಳು, ಚಿತ್ರವನ್ನೊಮ್ಮೆ ನೋಡಿದಳು.

"ಏನಮ್ಮ, ಹಾಕ್ತೀರಲ್ಲ?" ಎಂದರು ಗೌಡರು.

"ಇಲ್ಲ ಗೌಡ್ರೆ" ಎಂದಳು ಮಂಗಳ. "ಹಾಕಲ್ಲ."